ಹಳೆಯ ಸೊಪ್ಪಿನ ನಿದ್ದೆ

ನಮ್ಮ ದೊಡ್ಡಪ್ಪನ ಗಂಟಲು ಕೆಟ್ಟ ವರ್ಷ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಜನ ತಪ್ಪು ಬಸ್ಸು ಹತ್ತತೊಡಗಿದರು. ಪ್ರೈವೇಟ್ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ, ಬಸ್ಸು ಹಿಂದಕ್ಕೆ ಬರುವಾಗ ಹಿಂದೆ ನಿಂತು ಕೂಗಿ ದಾರಿ ತೋರಿಸುವ ಏಜೆಂಟ್ ಅವನು. ಓದು ಬಾರದವರಿಗೆ ಅವನ ಗಂಟಲೇ ಬೋರ್ಡು. ‘ದುರ್ಗ ದುರ್ಗ ದುರ್ಗಾ, ಹುಲಿಯೂರ್ದುರ್ಗಾ!’ ಎಂದು ಒಮ್ಮೆ ಎಳೆದನೆಂದರೆ ಕೆರೆ ಏರಿಯ ಮೇಲೆ ನಿಧಾನವಾಗಿ ಬರುತ್ತಿದ್ದವರೂ ಗಂಟು ಮೂಟೆ ಎತ್ತಿಕೊಂಡು ಓಡುತ್ತಿದ್ದರು. ನಾನು ಮಿಮಿಕ್ರಿ ಕಲಿತದ್ದು ಆ ಕೂಗಿನಿಂದಲೇ. ಒಂದು ಸಲ ಟೀ ಅಂಗಡಿಯ ಹಿಂದೆ ನಿಂತು ಅದೇ ದನಿಯಲ್ಲಿ ಕೂಗಿ, ತುಮಕೂರಿಗೆ ಹೋಗಬೇಕಾಗಿದ್ದ ಮದುವೆ ದಿಬ್ಬಣವನ್ನು ದುರ್ಗದ ಬಸ್ಸಿಗೆ ಹತ್ತಿಸಿಬಿಟ್ಟಿದ್ದೆ. ದೊಡ್ಡಪ್ಪ ನನ್ನ ಕಿವಿ ಹಿಂಡಿ, ಆಮೇಲೆ ಬಂದವರಿಗೆಲ್ಲ ಆ ಕಥೆ ಹೇಳಿ ಹೇಳಿ ನಕ್ಕಿದ್ದ. ನನಗೆ ಸ್ವಂತ ದನಿಯಿಲ್ಲ ಎನ್ನುವವರಿದ್ದಾರೆ. ಸ್ವಂತ ಮುಖವೂ ಇಲ್ಲ ಎಂದು ಕನ್ನಡಿ ಹೇಳುತ್ತದೆ. ಬಿಡಿ.

ಮೊದಲು ಅವನ ದನಿ ಒಡೆಯಿತು. ಬೀಡಿಯ ಕಫ ಎಂದುಕೊಂಡು ಮೆಣಸಿನ ಕಷಾಯ ಕುಡಿದ. ಆಮೇಲೆ ಮುದ್ದೆ ಇಳಿಯದಾಯಿತು, ಆಮೇಲೆ ಅನ್ನ. ತುಮಕೂರಿನ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ನಮ್ಮ ಮುಖ ನೋಡದೆ ಬೆಂಗಳೂರಿಗೆ ಚೀಟಿ ಬರೆದರು. ಅಲ್ಲಿ ಗೆಡ್ಡೆ ಸುಡಲು ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಕುತ್ತಿಗೆಯ ಚರ್ಮ ಸುಟ್ಟ ಬದನೆಕಾಯಿಯ ಹಾಗಾಯಿತು. ಗೆಡ್ಡೆ ಕರಗಲಿಲ್ಲ. ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದು ಕಳಿಸಿದರು.

ಎಂಬತ್ತರ ದಶಕದ ನಡುವಿನ ಮಾತಿದು. ನಾನು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮುಂದೆ ನಿಲ್ಲುತ್ತಿದ್ದೆ. ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ರೂಮು. ಭಾನುವಾರ ಬಂತೆಂದರೆ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋಗುತ್ತಿದ್ದೆ. ದೊಡ್ಡಪ್ಪ, ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಇದ್ದವನು ನಾನು, ನಾನೊಬ್ಬನೇ ಹತ್ತು ಜನರ ಗಲಾಟೆ ಮಾಡುತ್ತಿದ್ದೆ.

ಆದರೆ ಆಗ ಗಲಾಟೆಗೂ ಕಷ್ಟ ಬಂತು. ದೊಡ್ಡಪ್ಪನ ದನಿ ಪಂಚರಾದ ಟ್ಯೂಬಿನಂತೆ ಬುಸ್ಸೆನ್ನುತ್ತಿತ್ತು. ನಾನು ಎಂದಿನ ಹಾಗೆ ಕಂಡಕ್ಟರನನ್ನೋ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮಾತಾಡುವ ಶಾಲೆಯ ಮೇಷ್ಟರನ್ನೋ ಮಾಡಿ ತೋರಿಸಿದರೆ ಅವನಿಗೆ ನಗು ಬರುತ್ತಿತ್ತು, ನಗುವಿನ ಹಿಂದೆಯೇ ನೋವು. ಕತ್ತು ಹಿಡಿದುಕೊಂಡು ಬೆರಳೆತ್ತುತ್ತಿದ್ದ.

‘ನಗಿಸ್ಬ್ಯಾಡ ಕಣ್ಲಾ. ನೋಯ್ತದೆ.’

ನನ್ನಂಥವನಿಗೆ ಹಾಗೆಂದರೆ ಅಂಗಡಿ ಬಾಗಿಲು ಹಾಕು ಎಂದ ಹಾಗೆ.

ಅವನನ್ನು ನಿಜವಾಗಿ ತಿನ್ನುತ್ತಿದ್ದದ್ದು ಮಾತ್ರ ನಿದ್ದೆಯಿಲ್ಲದಿರುವುದು. ಒರಗಿದರೆ ಉಸಿರು ಕಟ್ಟುತ್ತಿತ್ತು, ಕೂತರೆ ನೋವು ಕಿವಿಯಿಂದ ಹೆಗಲಿನವರೆಗೆ ಗರಗಸ ಎಳೆಯುತ್ತಿತ್ತು. ಪುಡಿ ಮಾಡಿ ನೀರಲ್ಲಿ ಕದಡಿದ ಮಾತ್ರೆಗಳು ಏನೂ ಮಾಡುತ್ತಿರಲಿಲ್ಲ. ಕಷ್ಟದ ನೋವಿಗೆ ಕೊಡುವ ಇಂಜೆಕ್ಷನ್ ನಮ್ಮ ಕಡೆ ಸಿಗುವುದಿಲ್ಲ, ಅದಕ್ಕೆ ನೂರೆಂಟು ಪರ್ಮಿಟ್ಟು ಎಂದು ಊರಿನ ಡಾಕ್ಟರು ಕೈಚೆಲ್ಲಿದ್ದರು. ಗೋಡೆಗೆ ದಿಂಬು ಕೊಟ್ಟು ಕೂತು, ಕಣ್ಣು ಬಿಟ್ಟುಕೊಂಡೇ ವಾರಗಳನ್ನು ಕಳೆದಿದ್ದ. ಕಣ್ಣಿನ ಸುತ್ತ ಚರ್ಮ ಜೋತುಬಿದ್ದಿತ್ತು.

‘ನೋವು ಬೇಕಾರೆ ಇರ್ಲಿ ಕಣ್ಲಾ,’ ಎಂದ ಒಂದು ಭಾನುವಾರ. ‘ಹೋಗೋದೂ ಗೊತ್ತಾಗೈತೆ. ನಿದ್ದೆ ಒಂದ್ ಬಂದ್ಬುಡ್ಲಿ. ನಿದ್ದೆ ಮಾಡಿ ಹೋಯ್ತೀನಿ.’

ಆಮೇಲೆ ಅವನೇ ಅಡುಗೆಮನೆಯ ಅಟ್ಟದ ಕಡೆ ಕೈ ತೋರಿಸಿದ.

ಅಟ್ಟದ ಮೇಲೆ, ಒಲೆಗೆ ನೇರವಾಗಿ, ಬಟ್ಟೆ ಕಟ್ಟಿ ಸಗಣಿ ಮೆತ್ತಿದ ಒಂದು ಗಡಿಗೆ ಇತ್ತು. ತೀರಿಹೋದ ನಮ್ಮಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ಎತ್ತುಗಳಿಗೆಂದು ಇಟ್ಟಿದ್ದ ಭಂಗಿ ಸೊಪ್ಪು, ಅಂದರೆ ಗಾಂಜಾ ಎಲೆ. ಉಳುಮೆಯಲ್ಲಿ ದಣಿದ ಎತ್ತು ಮೇವು ಬಿಟ್ಟರೆ ಬೆಲ್ಲದ ಜೊತೆ ಉಂಡೆ ಕಟ್ಟಿ ತಿನ್ನಿಸುತ್ತಿದ್ದಳಂತೆ. ಎತ್ತು ಮಾರಿ ಎಷ್ಟೋ ವರ್ಷವಾಗಿತ್ತು. ಗಡಿಗೆಯನ್ನು ಯಾರೂ ಇಳಿಸಿರಲಿಲ್ಲ.

‘ಎತ್ತಿಗೆ ಕೊಡೋದ್ನ ನಿಮಗೆ ಕೊಡನಾ?’ ಎಂದಳು ದೊಡ್ಡಮ್ಮ.

‘ಎತ್ತಿಗಿಂತ ಏನ್ ಕಮ್ಮಿ ದುಡ್ದಿದೀನಿ? ತಕ್ಕಬಾ.’

ನಮ್ಮ ಕಡೆ ಔಷಧಿಯೆಂದರೆ ಹಳೆಯದು. ಬಾಣಂತಿಗೆ ಕಪ್ಪಗಾದ ಹಳೇ ಹುಣಸೆಹಣ್ಣು, ಗಾಯಕ್ಕೆ ಹಳೇ ತುಪ್ಪ, ಕೆಮ್ಮಿಗೆ ಹಳೇ ಬೆಲ್ಲ. ಸೊಪ್ಪಿಗೂ ಅಜ್ಜಿ ಅದೇ ಕಾನೂನು ಮಾಡಿದ್ದಳು. ‘ಹೊಸಾ ಸೊಪ್ಪು ಕುಣಿಸ್ತದೆ, ಹಳೇ ಸೊಪ್ಪು ಮನಗಿಸ್ತದೆ’ ಎನ್ನುತ್ತಿದ್ದಳೆಂದು ದೊಡ್ಡಮ್ಮನಿಗೆ ನೆನಪಿತ್ತು. ಗಡಿಗೆ ಬಿಚ್ಚಿದಾಗ ಸೊಪ್ಪು ನಶ್ಯದ ಬಣ್ಣಕ್ಕೆ ತಿರುಗಿತ್ತು. ವಾಸನೆಯೇ ಇರಲಿಲ್ಲ ಎನ್ನಬಹುದು, ಸ್ವಲ್ಪ ಹೊಗೆಯ ಕಮಟು ಅಷ್ಟೆ. ಒಂದು ಚಿಟಿಕೆಯನ್ನು ತೊಳೆದು, ಅರೆದು, ತುಪ್ಪ ಬಿಟ್ಟು ಹಾಲಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಚಮಚ ಚಮಚವಾಗಿ ಕುಡಿಸಿದಳು.

ಮುಂದಿನ ಭಾನುವಾರ ನಾನು ಹೋದಾಗ ದೊಡ್ಡಮ್ಮ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ದೊಡ್ಡಪ್ಪ ಕೂತ ಹಾಗೆಯೇ ಕತ್ತು ವಾಲಿಸಿ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು. ಎಳೆಮಗುವಿನ ಹಾಗೆ ಎಂದು ಬರೆಯುವ ಆಸೆ ನನಗೂ ಇದೆ, ಆದರೆ ಹಾಗಿರಲಿಲ್ಲ; ಹೆಣದ ಹಾಗೆ ಇದ್ದ. ದೊಡ್ಡಮ್ಮ ಗಳಿಗೆಗೊಮ್ಮೆ ಎದ್ದು ಹೋಗಿ ಮೂಗಿನ ಹತ್ತಿರ ಕೈ ಹಿಡಿದು ಬರುತ್ತಿದ್ದಳು. ಎದ್ದ ಮೇಲೆ ಅವನು ಗಂಜಿ ಕೇಳಿದ. ನೋವು ಹೋಗಿರಲಿಲ್ಲ. ‘ಪಕ್ಕದ್ ಮನೇಲಿ ಐತೆ,’ ಎಂದ. ಪಕ್ಕದ ಮನೆಗೆ ಹೋದ ನೋವಿನ ಬಗ್ಗೆ ಅವನಿಗೆ ತಕರಾರಿರಲಿಲ್ಲ.

ಬಟವಾಡಿಯಲ್ಲಿ ನನ್ನ ರೂಮಿನ ಮೇಲಿನ ಮನೆಯಲ್ಲಿ ಒಬ್ಬರು ಮೇಷ್ಟ್ರಿದ್ದರು. ತುಮಕೂರಿನ ಕಾಲೇಜೊಂದರಲ್ಲಿ ಔಷಧಿಗಳ ಪಾಠ ಮಾಡುತ್ತಿದ್ದರು. ‘ಬೇಸಿಕಲಿ’ ಎನ್ನದೆ ಬಾಯಿ ತೆರೆಯುತ್ತಿರಲಿಲ್ಲ. ನಾನು ಮೆಟ್ಟಿಲ ಕೆಳಗಿನಿಂದ ‘ಬೇಸಿಕಲಿ, ಕಾಫಿ ಆಯ್ತೇನೇ?’ ಎಂದರೆ ಮೇಲಿನಿಂದ ಅವರ ಹೆಂಡತಿ ‘ತಂದೇರೀ’ ಎಂದದ್ದುಂಟು. ನಲ್ಲಿಯ ಹತ್ತಿರ ಕೊಡದ ಸಾಲಿನಲ್ಲಿ ನಿಂತಾಗ ಅವರಿಗೆ ಗಡಿಗೆಯ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ಅರಳಿತು.

‘ಬೇಸಿಕಲಿ, ಆ ಗಿಡದಲ್ಲಿ ಒಂದಲ್ಲ, ಹತ್ತಾರು ವಸ್ತು ಇವೆ ಕಣಯ್ಯ. ಅಮಲು ಬರ್ಸೋದು ಅದ್ರಲ್ಲಿ ಒಂದು. ಅದೇ ದೊಡ್ಡ ಸಾಹೇಬ್ರು ಅಂತಿಟ್ಕೋ. ಎಲೆ ಹಳೇದಾಗ್ತಾ ಆಗ್ತಾ, ಗಾಳಿ, ಬೆಳಕು, ಶಾಖ ತಾಗ್ತಾ ತಾಗ್ತಾ, ಸಾಹೇಬ್ರು ಕರಗಿ ಬೇರೆ ವಸ್ತು ಆಗ್ತಾರೆ. ಕ್ಯಾನಬಿನಾಲ್ ಅಂತ. ಹಸಿ ಎಲೆಯಲ್ಲಿ ಅದು ಇದ್ದೂ ಇಲ್ಲ ಅನ್ನೋ ಅಷ್ಟು. ನಿಮ್ಮಜ್ಜಿ ಒಲೆ ಮೇಲೆ ಇಟ್ಟಿದ್ದಾರೆ ಅಂದ್ರೆ ಚೆನ್ನಾಗೇ ಆಗಿರುತ್ತೆ.’

‘ಅದು ನಿದ್ದೆ ಬರ್ಸುತ್ತಾ ಸಾರ್?’

‘ಬರ್ಸುತ್ತೆ ಅಂತಾರೆ. ಸರಿಯಾಗಿ ತೋರಿಸಿಕೊಟ್ಟವ್ರನ್ನ ನಾನಂತೂ ಓದಿಲ್ಲ. ಪುಸ್ತಕದಲ್ಲಿ ಅದಕ್ಕೆ ಇರೋದು ಅರ್ಧ ಪುಟ. ಚಿಕ್ಕ ವಸ್ತು, ಅಮಲೂ ಕಮ್ಮಿ, ಹಾಗಾಗಿ ಯಾರಿಗೂ ಬೇಡ. ನೋವಿಗೆ, ಹಸಿವಿಗೆ, ನಿದ್ದೆಗೆ ಮುಂದೆ ಒಂದಿನ ಔಷಧಿ ಆದ್ರೂ ಆಗ್ಬಹುದು. ಆಗ್ದೇನೂ ಇರ್ಬಹುದು. ನಿಮ್ ದೊಡ್ಡಪ್ಪ ಮಲಗಿದ್ದು ಅದರಿಂದ್ಲೋ, ಉಳಿದ ಚೂರುಪಾರು ಅಮಲಿಂದ್ಲೋ, ಬಿಸಿ ಹಾಲಿಂದ್ಲೋ, ಯಾರ್ ಹೇಳ್ಬೇಕು?’

ಕೊಡ ತುಂಬಿ ಹರಿಯುತ್ತಿತ್ತು. ಹಿಂದಿನ ಹೆಂಗಸರು ಕೂಗತೊಡಗಿದರು. ಮೇಷ್ಟ್ರು ಕೊಡ ಎತ್ತಿಕೊಂಡು ಹೋಗುತ್ತ ತಿರುಗಿದರು.

‘ಒಂದ್ ಮಾತು. ಹಳೇದು ಮುಗೀತು ಅಂತ ಹೊಸ ಸೊಪ್ಪು ಹಾಕ್ಬೇಡಿ. ಚಿಟಿಕೆ ಅದೇ ಇರುತ್ತೆ, ಒಳಗಿರೋದು ಅದಲ್ಲ.’

ಈ ಮಾತನ್ನು ನಾನು ದೊಡ್ಡಮ್ಮನಿಗೆ ನೆಟ್ಟಗೆ ಹೇಳಿದೆ. ಮೇಷ್ಟರ ದನಿ ಮಾಡದೆ, ಕೈ ಕುಣಿಸದೆ. ಅವಳು ಮೊರದಲ್ಲಿ ಹುರುಳಿ ಆರಿಸುತ್ತ ಎಲ್ಲವನ್ನೂ ಕೇಳಿದಳು.

‘ಅಂದ್ರೆ, ಹೊಸದೇ ಹಳೇದಾಗೋದು ತಾನೆ?’

‘ಹೂಂ ದೊಡ್ಡಮ್ಮ. ಆದ್ರೆ ವರ್ಷಗಟ್ಲೆ ಬೇಕು.’

‘ಆಗ್ಲಿ ಬುಡು,’ ಎಂದಳು. ಅವಳಿಗೆ ಅರ್ಥವಾಗಿತ್ತು. ಅವಳದೇ ರೀತಿಯಲ್ಲಿ ಬಹಳ ಚೆನ್ನಾಗಿ ಅರ್ಥವಾಗಿತ್ತು.

ಗಡಿಗೆಯ ತಳ ಕಾಣತೊಡಗಿತು. ಹೊಸ ಕಾನೂನು ಬಂದಿದೆ, ಹೊಲದ ಮೂಲೆಯಲ್ಲಿ ಒಂದು ಗಿಡ ಕಂಡರೂ ಜೈಲು ಎಂದು ಜನ ಹೆದರಿದ್ದ ಕಾಲ ಅದು. ಆದರೂ ದೊಡ್ಡಮ್ಮ ಗುಬ್ಬಿಯಲ್ಲಿದ್ದ ತನ್ನ ತಮ್ಮನಿಗೆ ಹೇಳಿ ಕಳಿಸಿದಳು. ನನಗೆ ಅವನು ಗುಬ್ಬಿ ಮಾವ. ಪೊಲೀಸರೆಂದರೆ ನಡುಗುವ ಮನುಷ್ಯ. ಸೈಕಲ್ಲಿಗೆ ಲೈಟಿಲ್ಲವೆಂದು ಒಮ್ಮೆ ಹಿಡಿದಾಗ, ಲೈಟು ಇದ್ದರೂ ಸೈಕಲ್ಲನ್ನೇ ಬಿಟ್ಟು ಓಡಿಬಂದವನು. ಅಂಥವನು ಹುರುಳಿ ಚೀಲದ ನಡುವೆ ಸೊಪ್ಪು ಹುದುಗಿಸಿಕೊಂಡು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆವೆತು, ತಂದುಕೊಟ್ಟ. ಅದು ಆ ವರ್ಷದ ಸೊಪ್ಪು. ಒಣಗಿದ್ದರೂ ಹಸಿರಾಗಿತ್ತು.

ದೊಡ್ಡಮ್ಮ ಅದನ್ನು ಹಾಗೇ ಹಾಕಲಿಲ್ಲ. ಮೇಷ್ಟರ ಮಾತು ಅವಳಿಗೆ ನೆನಪಿತ್ತು. ಹೊಸದು ಹಳೆಯದಾಗಬೇಕು, ಹಾಲು ಮೊಸರಾಗಬೇಕಾದರೆ ಏನು ಮಾಡುತ್ತಾರೆ? ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪು ಹಾಕುತ್ತಾರೆ. ದೋಸೆಯ ಸಂಪಣ, ಅಂದರೆ ಹಿಟ್ಟು, ಹುಳಿ ಬರಬೇಕಾದರೆ ಹಿಂದಿನ ಸಂಪಣ ಚೂರು ಸೇರಿಸುತ್ತಾರೆ. ಹಾಗೆ, ಗಡಿಗೆಯ ತಳದಲ್ಲಿ ಉಳಿದಿದ್ದ ಕಡೆಯ ಹಿಡಿ ಹಳೇ ಸೊಪ್ಪಿಗೆ ಹೊಸದನ್ನು ಬೆರೆಸಿ, ಕೈಯಲ್ಲಿ ಚೆನ್ನಾಗಿ ಉಜ್ಜಿ, ಬಾಯಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ಕಾದಳು.

ಆ ಭಾನುವಾರ ನಾನು ಹೋಗುವ ಹೊತ್ತಿಗೆ ಊಟದ ವೇಳೆ. ಅಡುಗೆಮನೆಯಲ್ಲಿ ಒಂದು ಹಸಿ, ಘಾಟು ವಾಸನೆ.

‘ಹೆಪ್ಪು ಹಾಕಿದ್ದೆ ಕಣೋ,’ ಎಂದಳು ದೊಡ್ಡಮ್ಮ. ಮುಖದಲ್ಲಿ ಗೆಲುವಿತ್ತು. ‘ಇನ್ನ ಮುಗಿಯೋ ಭಯ ಇಲ್ಲ. ಒಂದ್ ಹಿಡಿ ಉಳಿಸ್ಕಂಡು ಹಾಕ್ತಾ ಹೋಗದು. ಈಗಷ್ಟೇ ಕುಡಿಸ್ದೆ.’

ಎಲ್ಲರ ದನಿಯೂ ಬರುವವನಿಗೆ ಆಗ ಯಾರ ದನಿಯೂ ಬರಲಿಲ್ಲ. ಕುಡಿದಾಗಿತ್ತು. ವಾಂತಿ ಮಾಡಿಸೋಣವೆಂದರೆ ಆ ಗಂಟಲಿಗೆ ಬೆರಳು ಹಾಕುವುದು ಹೇಗೆ? ಹೋಗಿ ಅವನೆದುರು ಕೂತೆ. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ದೊಡ್ಡಪ್ಪ ನನ್ನನ್ನು ನೋಡಿ ಸ್ವಲ್ಪ ನಕ್ಕ. ನೋವಿಲ್ಲದೆ ನಕ್ಕನಲ್ಲ ಎಂದು ನಾನು ಒಂದು ಕ್ಷಣ ಮೇಷ್ಟರ ಮಾತೇ ಸುಳ್ಳಾಗಲಿ ಎಂದುಕೊಂಡೆ.

ಬಿಸಿಲು ಹೊಸಿಲು ದಾಟುವ ಹೊತ್ತಿಗೆ ಅವನ ಬೆರಳುಗಳು ಚಾದರವನ್ನು ಕೀಳತೊಡಗಿದವು. ಕಣ್ಣು ನನ್ನನ್ನು ದಾಟಿ ಹಿಂದೆ ಏನನ್ನೋ ನೋಡಿತು. ಆಮೇಲೆ, ವಾರಗಳಿಂದ ಹಿಡಿದುಕೊಳ್ಳದೆ ನಿಲ್ಲಲಾರದವನು, ಎದ್ದು ನಿಂತ. ಎರಡೂ ಕೈ ಎತ್ತಿ ಅಡ್ಡ ಹಿಡಿದ. ಬಾಯಿ ಅಗಲವಾಗಿ ತೆರೆದು, ಕತ್ತಿನ ನರ ಹುರಿಗೊಂಡು, ಕೂಗಿದ. ಬುಸ್ಸೆಂಬ ಗಾಳಿ ಮಾತ್ರ ಬಂತು. ಮತ್ತೆ ಕೂಗಿದ. ಮತ್ತೆ ಗಾಳಿ. ಆಗ ಗೋಡೆಗೆ ತಿರುಗಿ, ಬಸ್ಸಿನ ಮೈಗೆ ಬಡಿದು ನಿಲ್ಲಿಸುತ್ತಾರಲ್ಲ, ಹಾಗೆ ಅಂಗೈಯಿಂದ ದಬದಬ ಬಡಿಯತೊಡಗಿದ. ಸುಣ್ಣ ಉದುರಿತು. ಅಂಗೈ ಒಡೆದು ಗೋಡೆಯ ಮೇಲೆ ರಕ್ತದ ಗುರುತು ಬಿತ್ತು. ನಾನು ಹಿಂದಿನಿಂದ ತಬ್ಬಿ ಹಿಡಿದೆ. ಬರೀ ಎಲುಬು, ಆದರೂ ಲೇತ್ ಮಿಷನ್ನಿನಂತೆ ಅದುರುತ್ತಿತ್ತು ಆ ಮೈ. ದೊಡ್ಡಮ್ಮ ಅವನ ಪಾದ ಹಿಡಿದು ‘ನಾನು ಕಣ್ರೀ, ನಾನು, ನಾನು’ ಎಂದು ಹೇಳುತ್ತಲೇ ಇದ್ದಳು. ಅವನಿಗೆ ಅವಳು ಯಾರೆಂದು ತಿಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಇಳಿಯಿತು. ನೀರು ಕೇಳಿದ. ನುಂಗಲಾಗದೆ ತುಟಿ ಒದ್ದೆ ಮಾಡಿಕೊಂಡ.

‘ಬಸ್ಸು ಹಿಂದಿಂದಕ್ಕೆ ಬತ್ತಿತ್ತು,’ ಎಂದ. ‘ಒಂದ್ ಕೂಸು ಇತ್ತು ಹಿಂದೆ. ಕೂಗ್ದೆ ಕಣ್ಲಾ. ಕೂಗೇ ಬರ್ಲಿಲ್ಲ.’

‘ಯಾವ ಕೂಸು ದೊಡ್ಡಪ್ಪ?’

‘ಯಾವ್ದೋ.’ ಹಾಲಿನ ಲೋಟದ ಕಡೆ ಕೈ ತೋರಿಸಿ, ‘ಇನ್ನ ಅದು ಬ್ಯಾಡ,’ ಎಂದ.

ಮಾರನೆಯ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಹಿತ್ತಲಲ್ಲಿ ದೊಡ್ಡಮ್ಮ ಗಡಿಗೆಯನ್ನು ಮೊರಕ್ಕೆ ಸುರಿದುಕೊಂಡು ಕೂತಿದ್ದಳು. ಕಂದು ಬಣ್ಣದ್ದು ಒಂದು ಕಡೆ, ಹಸಿರು ಇನ್ನೊಂದು ಕಡೆ. ಆರಿಸುತ್ತಿದ್ದಳು. ನಾನೂ ಎದುರು ಕೂತು ಆರಿಸಿದೆ. ಅವಳೇ ಉಜ್ಜಿ ಉಜ್ಜಿ ಬೆರೆಸಿದ್ದ ಪುಡಿ. ಕಂದು ಚೂರನ್ನು ಎತ್ತಿಕೊಂಡರೆ ಬೆರಳಿಗೆ ಹಸಿರು ಅಂಟಿಕೊಂಡು ಬರುತ್ತಿತ್ತು. ಬಿಸಿಲೇರುವ ತನಕ ಇಬ್ಬರೂ ಬಗ್ಗಿದ ತಲೆ ಎತ್ತಲಿಲ್ಲ.

‘ಒಂದ್ ಹಿಡಿ ಹಳೇದಿತ್ತಲ್ಲೋ,’ ಎಂದಳು ಕೊನೆಗೆ. ‘ಅದನ್ನೂ ಕೆಡಿಸ್ಬುಟ್ಟೆ.’ ಮೊರವನ್ನು ತಿಪ್ಪೆಗೆ ಕೊಡವಿದಳು.

ಮತ್ತೆ ಅದೇ ಗೋಡೆ, ಅದೇ ದಿಂಬು, ತೆರೆದ ಕಣ್ಣು. ಈಗ ನೋವಿನ ಜೊತೆ ಹೆದರಿಕೆಯೂ ಸೇರಿತ್ತು. ಕಣ್ಣು ಎಳೆದುಕೊಂಡು ಹೋದರೂ ಬೆಚ್ಚಿ ತಾನಾಗಿಯೇ ಬಿಡಿಸಿಕೊಳ್ಳುತ್ತಿದ್ದ. ಬಂದ ನಿದ್ದೆಯನ್ನೂ ಅಟ್ಟುತ್ತಿದ್ದ. ಹಾಲಿನ ಲೋಟ ಕಂಡರೆ ಸಾಕು, ಹಲ್ಲು ಕಚ್ಚುತ್ತಿದ್ದ. ಬರೀ ಹಾಲಾದರೂ.

ಗುಬ್ಬಿ ಮಾವನಿಗೆ ಸುದ್ದಿ ಮುಟ್ಟಿತು. ತಾನು ತಂದ ಸೊಪ್ಪಿನಿಂದಲೇ ಹೀಗಾಯಿತೆಂದು ಅವನಿಗೆ ಅನ್ನ ಸೇರಲಿಲ್ಲವಂತೆ. ಎತ್ತು ಕಟ್ಟುತ್ತಿದ್ದ ಹಳೇ ಮನೆಗಳನ್ನೆಲ್ಲ ಸುತ್ತಿ, ಅಟ್ಟ ಹತ್ತಿ, ಜೇಡರಬಲೆ ಮೆತ್ತಿಕೊಂಡು, ಒಂದು ಪೊಟ್ಟಣ ತಂದ. ಮುಟ್ಟಿದರೆ ಪುಡಿಯಾಗುವ, ವಾಸನೆ ಸತ್ತ, ನಶ್ಯದ ಬಣ್ಣದ ಸೊಪ್ಪು. ಅಜ್ಜಿಯ ಸೊಪ್ಪಿನ ಅಣ್ಣತಮ್ಮನಂತಿತ್ತು. ದೊಡ್ಡಮ್ಮ ಮೊದಲಿನ ಹಾಗೆಯೇ ಕಾಯಿಸಿ ಸೋಸಿ ತಂದಳು. ಭಾನುವಾರ ಮಧ್ಯಾಹ್ನ. ದೊಡ್ಡಪ್ಪ ಮುಖ ಗೋಡೆಗೆ ತಿರುಗಿಸಿದ.

‘ಇದು ಹಳೇದು ದೊಡ್ಡಪ್ಪ. ನಿಜವಾಗ್ಲೂ ಹಳೇದು.’

ಅವನು ಹಲ್ಲು ಕಚ್ಚಿಕೊಂಡ.

‘ನಾನು ಕುಡೀತೀನಿ ನೋಡು. ನಂಗೇನಾದ್ರೂ ಆದ್ರೆ ನೀನು ಕುಡೀಬ್ಯಾಡ.’

‘ನಿಂಗ್ ಹೊಸ್ದಾಗಿ ಆಗಾಕೆ ಏನೈತ್ಲಾ,’ ಎಂದ. ‘ಆಗ್ಲೇ ಅರೆಹುಚ್ಚ.’

ಅಷ್ಟು ಮಾತಾಡಿದನಲ್ಲ ಎಂದು ದೊಡ್ಡಮ್ಮನಿಗೆ ಆಸೆ ಹುಟ್ಟಿತು. ನಾನು ಅವನ ಕಣ್ಣೆದುರೇ ಅರ್ಧ ಲೋಟ ಕುಡಿದೆ. ಚರಂಡಿ ಬದಿಯ ಹುಲ್ಲಿನ ರುಚಿ. ಮಿಕ್ಕ ಅರ್ಧ ಅವನ ಪಕ್ಕದಲ್ಲಿಟ್ಟು ಎದುರಿಗೆ ಕೂತೆ. ನಾನು ಕುಣಿಯುತ್ತೇನೋ, ಹೆದರುತ್ತೇನೋ ಎಂದು ಅವನು ನನ್ನನ್ನೇ ನೋಡುತ್ತಿದ್ದ. ಏನೂ ಆಗಲಿಲ್ಲ. ಕೈಕಾಲು ಒದ್ದೆ ಮರಳಿನಂತಾದವು. ಗೋಡೆಗೆ ಒರಗಿದ್ದು ನೆನಪಿದೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ನನ್ನ ತಲೆಯ ಕೆಳಗೆ ಅವನ ದಿಂಬಿತ್ತು. ದೊಡ್ಡಪ್ಪ ಪಕ್ಕದಲ್ಲಿ ಬಗ್ಗಿ ಕೂತು, ಬಟ್ಟೆ ಸುತ್ತಿದ ಕೈಯಲ್ಲಿ ಬೀಸಣಿಗೆ ಹಿಡಿದು ನನ್ನ ಮುಖದ ಮೇಲಿನ ನೊಣ ಓಡಿಸುತ್ತಿದ್ದ. ಕಣ್ಣು ಕೆಂಡವಾಗಿತ್ತು. ಲೋಟದ ಹಾಲಿಗೆ ಕೆನೆ ಕಟ್ಟಿ, ಅದರೊಳಗೆ ಒಂದು ಇರುವೆ ಸತ್ತಿತ್ತು.

‘ಚೆನ್ನಾಗ್ ಮನೀಕಂಡಿದ್ದೆ,’ ಎಂದ. ‘ಗೊರಕೇನಾದ್ರೂ ನಿಂದೇ ಇರ್ಬೇಕು ಅನ್ಕಂಡಿದ್ದೆ. ಅದೂ ನಿಮ್ಮಪ್ಪಂದೇ ಕಣ್ಲಾ.’

‘ನೋಡ್ದಲ್ಲ, ಏನೂ ಆಗ್ಲಿಲ್ಲ. ದೊಡ್ಡಮ್ಮ ಬಿಸಿ ಮಾಡಿ ಕೊಡ್ತಾಳೆ, ನೀನೂ ಕುಡಿ ದೊಡ್ಡಪ್ಪ.’

ಅವನು ಲೋಟವನ್ನು ಬಹಳ ಹೊತ್ತು ನೋಡಿದ. ಬಾಯಾರಿದವನು ಬಾವಿ ನೋಡುವ ಹಾಗೆ ನೋಡಿದ. ಕೈ ಅರ್ಧ ಹೋಯಿತು.

‘ನಂಗೆ ಭಯ ಕಣ್ಲಾ,’ ಎಂದ.

ಹಿಂದಕ್ಕೆ ಬರುವ ಬಸ್ಸಿನ ಹಿಂದೆ ನಿಂತು ಜೀವಮಾನ ಕಳೆದವನು. ಆ ಮಾತನ್ನು ಅವನ ಬಾಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಎಲ್ಲರ ಮಾತನ್ನೂ ಅವರವರ ದನಿಯಲ್ಲಿ ಒಪ್ಪಿಸುವ ನಾನು ಅದೊಂದು ಮಾತನ್ನು ಇವತ್ತಿಗೂ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಬಟವಾಡಿಗೆ ಬಂದು ಮೇಷ್ಟರಿಗೆ ಹೇಳಿದೆ. ಬಾಯಿ ಒಣಗಿತಾ, ಎದೆ ಬಡಿತ ಜಾಸ್ತಿಯಾಯಿತಾ, ಏಳುವಾಗ ತಲೆ ಭಾರವಿತ್ತಾ ಎಂದೆಲ್ಲ ವಿಚಾರಿಸಿದರು. ನಿದ್ದೆ ಬಂತು ಸಾರ್, ಆ ಸೊಪ್ಪಲ್ಲಿ ಏನೋ ಇದೆ ಎಂದೆ. ಅವರು ತಲೆಯಾಡಿಸಿದರು.

‘ನೀನು ಫ್ಯಾಕ್ಟರಿ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತೂ ನಿದ್ದೆ ಮಾಡೋನು ಕಣಯ್ಯ. ನಿನ್ನ ನಿದ್ದೆಯಿಂದ ಏನೂ ಗೊತ್ತಾಗಲ್ಲ.’ ಆಮೇಲೆ, ‘ಬೇಸಿಕಲಿ’ ಎಂದು ಶುರು ಮಾಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿಹೋದರು.

ಆ ವಾರವೇ ದೊಡ್ಡಪ್ಪ ಹೋದ. ಬೆಳಿಗ್ಗೆ ಗಂಜಿ ಕಾಯಿಸಿಕೊಂಡು ಬಂದ ದೊಡ್ಡಮ್ಮ ಅವನು ಎಚ್ಚರವಾಗಿಯೇ ಇದ್ದಾನೆಂದುಕೊಂಡು ಮಾತಾಡಿಸಿದಳಂತೆ. ಕಣ್ಣು ಹಾಗೆ ತೆರೆದಿತ್ತು. ನಾನು ಕುಣಿಗಲ್ ಮುಟ್ಟಿದಾಗ ಜನ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಅವಳು ಅವನ ತಲೆಯ ಹತ್ತಿರ ಕೂತು ಅಂಗೈಯನ್ನು ಅವನ ಕಣ್ಣ ಮೇಲೆ ಒತ್ತಿ ಹಿಡಿದಿದ್ದಳು. ತೆಗೆದರೆ ರೆಪ್ಪೆ ಮತ್ತೆ ಬಿಟ್ಟುಕೊಳ್ಳುತ್ತಿತ್ತು. ಕೈ ನೋಯುತ್ತದೆ, ನಾನು ಹಿಡಿಯುತ್ತೇನೆ ಎಂದರೆ ಬಿಡಲಿಲ್ಲ. ಹೊರಗಿನಿಂದ ಬಂದ ಹೆಂಗಸರು ಗೋಳಾಡತೊಡಗಿದಾಗ ಅವರ ಕಡೆ ತಿರುಗಿ, ತುಟಿಯ ಮೇಲೆ ಇನ್ನೊಂದು ಕೈಯ ಬೆರಳಿಟ್ಟಳು.

‘ಗಲಾಟೆ ಮಾಡ್ಬೇಡ್ರವ್ವ,’ ಎಂದಳು. ‘ಈಗ ಮನೀಕತಾವ್ರೆ.’